ಬೇಲಿಯಿಲ್ಲದ ಮೂರು ಹೊಲಗಳು: ಲ್ಯಾಕ್ಸ್ಟನ್ ಹಳ್ಳಿಯನ್ನು ನೋಡುವ ಬಗೆ

ಪ್ರಶ್ನೆ: ನಾನು ಸಾಗರದವನು, ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಮಗಳು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದಾಳೆ. ಬರುವ ಜೂನ್‌ನಲ್ಲಿ ನಾವು ದಂಪತಿ ಅಲ್ಲಿಗೆ ಹೊರಟಿದ್ದೇವೆ. ಅವಳ ಮನೆಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ದೂರದಲ್ಲಿ ಲ್ಯಾಕ್ಸ್ಟನ್ ಎಂಬ ಹಳ್ಳಿ ಇದೆಯಂತೆ. ಅಲ್ಲಿನ ಹೊಲಗಳಿಗೆ ಬೇಲಿಯೇ ಇಲ್ಲ, ರೈತರು ಪಬ್‌ನಲ್ಲಿ ಕೋರ್ಟ್ ನಡೆಸಿ ಒತ್ತುವರಿ ಮಾಡಿದವರಿಗೆ ದಂಡ ಹಾಕುತ್ತಾರೆ ಎಂದು ಹೇಳಿದಳು. ಇದು ಪ್ರವಾಸಿಗರಿಗಾಗಿ ಆಡುವ ನಾಟಕವೋ, ನಿಜವಾದ ವ್ಯವಸ್ಥೆಯೋ? ಆ ಒಂದು ಹಳ್ಳಿಯಲ್ಲಿ ಮಾತ್ರ ಅದು ಹೇಗೆ ಉಳಿಯಿತು? ಹೋದರೆ ಏನು ನೋಡಬೇಕು?

ಉತ್ತರ: ನಾಟಕವಲ್ಲ. ನಿಮ್ಮ ಮಗಳು ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ. 1977ರಲ್ಲಿ ಬ್ರಿಟನ್ನಿನ ಸಂಸತ್ತು ನ್ಯಾಯಾಡಳಿತ ಕಾಯ್ದೆಯೊಂದನ್ನು ತಂದು ಮಧ್ಯಯುಗದಿಂದ ಉಳಿದುಕೊಂಡು ಬಂದಿದ್ದ ಹಳ್ಳಿ ಕೋರ್ಟುಗಳ ಅಧಿಕಾರವನ್ನು ತೆಗೆದುಹಾಕಿತು. ಆಗ ತನ್ನ ಹೊಲಗಳ ಮೇಲಿನ ಅಧಿಕಾರವನ್ನು ಉಳಿಸಿಕೊಂಡದ್ದು ಲ್ಯಾಕ್ಸ್ಟನ್ನಿನ ಕೋರ್ಟ್ ಲೀಟ್. ಅದು ವಿಧಿಸುವ ದಂಡ ಕೆಲವೇ ಪೌಂಡುಗಳು, ಆದರೆ ಅದರ ಹಿಂದೆ ದೇಶದ ಕಾನೂನಿದೆ.

ನೀವು ಭೂಮಾಪಕರಾಗಿದ್ದರಿಂದ ನನ್ನ ಕೆಲಸ ಸುಲಭವಾಯಿತು. ಬೇರೆಯವರಿಗಾದರೆ ಬದು ಎಂದರೇನು, ಹಿಡುವಳಿ ಚೂರಾಗುವುದೆಂದರೇನು ಎಂಬಲ್ಲಿಂದ ಶುರುಮಾಡಬೇಕಿತ್ತು.

ಹಳ್ಳಿಯ ಸುತ್ತ ಮೂರು ದೊಡ್ಡ ಹೊಲಗಳಿವೆ. ದಕ್ಷಿಣದ ಹೊಲ, ಗಿರಣಿ ಹೊಲ, ಪಶ್ಚಿಮದ ಹೊಲ ಎಂಬುದು ಅವುಗಳ ಹೆಸರಿನ ಅರ್ಥ. ಗಿರಣಿ ಹೊಲಕ್ಕೆ ಆ ಹೆಸರು ಬಂದದ್ದು ಅಲ್ಲಿದ್ದ ಗಾಳಿಗಿರಣಿಯಿಂದ. ಮೂರೂ ಸೇರಿ ಈಗ ಸುಮಾರು 483 ಎಕರೆ. ಹೊಲ ಎಂದರೆ ಒಬ್ಬ ರೈತನ ಹೊಲ ಎಂದು ತಿಳಿಯಬೇಡಿ. ಒಂದೊಂದು ಹೊಲವೂ ಉದ್ದುದ್ದನೆಯ ಪಟ್ಟಿಗಳಾಗಿ ಹಂಚಿಹೋಗಿದೆ. ಒಬ್ಬ ಒಕ್ಕಲಿಗನ ಪಟ್ಟಿಗಳು ಮೂರು ಹೊಲಗಳಲ್ಲಿಯೂ ಚದುರಿಕೊಂಡಿರುತ್ತವೆ, ಅವನ ಪಟ್ಟಿಯ ಪಕ್ಕದ್ದು ಇನ್ನೊಬ್ಬನದು, ಅದರಾಚೆಯದು ಮತ್ತೊಬ್ಬನದು. ನಡುವೆ ಬೇಲಿಯಿಲ್ಲ, ಗೋಡೆಯಿಲ್ಲ. ಬೆಳೆಯ ಬಣ್ಣ ಅಥವಾ ಉಳುಮೆಯ ಸಾಲು ಬದಲಾದಲ್ಲಿ ಪಟ್ಟಿ ಬದಲಾಯಿತು ಎಂದು ಲೆಕ್ಕ.

ಹೀಗೆ ಹರಡಿಕೊಂಡಿರುವುದರಿಂದ ಯಾರೂ ತಮಗೆ ತೋಚಿದ್ದನ್ನು ತೋಚಿದಾಗ ಬಿತ್ತಲಾಗುವುದಿಲ್ಲ. ಒಂದು ವರ್ಷ ಒಂದು ಇಡೀ ಹೊಲಕ್ಕೆ ಚಳಿಗಾಲದ ಗೋಧಿ, ಎರಡನೆಯದಕ್ಕೆ ವಸಂತದಲ್ಲಿ ಬಿತ್ತುವ ಬಾರ್ಲಿಯಂಥ ಬೆಳೆ, ಮೂರನೆಯದು ಬೀಳು. ಮರುವರ್ಷ ಸರದಿ ತಿರುಗುತ್ತದೆ. ಬೀಳು ಬಿಟ್ಟ ಹೊಲದಲ್ಲಿ, ಕೊಯ್ಲಾದ ಮೇಲಿನ ಕೂಳೆಯಲ್ಲಿ ಊರಿನವರ ಕುರಿ ದನಗಳೆಲ್ಲ ಒಟ್ಟಿಗೆ ಮೇಯುತ್ತಿದ್ದವು. ಗೊಬ್ಬರ ಹೊಲಕ್ಕೇ ಬೀಳುತ್ತಿತ್ತು. ಒಬ್ಬನೇ ಒಬ್ಬ ಬೇರೆ ಬೆಳೆ ಹಾಕಿ ಕೊಯ್ಲಿಗೆ ತಡ ಮಾಡಿದರೆ ಇಡೀ ಊರಿನ ದನಕ್ಕೆ ಮೇವಿಲ್ಲ. ಆದ್ದರಿಂದ ಊರಿನವರು ಕೂತು ನಿಯಮ ಮಾಡಲೇಬೇಕಾಯಿತು, ಮುರಿದವನನ್ನು ವಿಚಾರಿಸಲು ಒಂದು ಕೋರ್ಟೂ ಬೇಕಾಯಿತು. ಕೋರ್ಟ್ ಅಲ್ಲಿ ಅಲಂಕಾರಕ್ಕೆ ಹುಟ್ಟಿದ್ದಲ್ಲ. ಈಗ ಸಾಮೂಹಿಕ ಮೇವು ಹಿಂದಿನಂತಿಲ್ಲ, ಮೂರನೆಯ ಹೊಲದಲ್ಲಿ ಹುಲ್ಲು ಅಥವಾ ಮೇವಿನ ಬೆಳೆ ಕಾಣಿಸುತ್ತದೆ. ಸರದಿ ಮಾತ್ರ ಹಾಗೆಯೇ ಇದೆ.

ಈಗ ನಿಮ್ಮ ವೃತ್ತಿಗೆ ನೇರವಾಗಿ ಸಂಬಂಧಿಸಿದ ಒಂದು ಮಾತು. ನೀವು ಎಷ್ಟು ಸಾವಿರ ಸಲ ಎಕರೆ, ಗುಂಟೆ ಬರೆದಿದ್ದೀರೋ! ಆ ಎಕರೆ ಹುಟ್ಟಿದ್ದು ಇಂಥ ಹೊಲದಲ್ಲಿ. ಎತ್ತುಗಳ ಒಂದು ಜೋಡಣೆ ಒಂದು ದಿನದಲ್ಲಿ ಉಳಬಹುದಾದ ನೆಲವನ್ನು ಎಕರೆ ಎಂದು ಕರೆಯುತ್ತಿದ್ದರು. ಎತ್ತು ನಿಲ್ಲದೆ ಎಳೆಯಬಹುದಾದ ಒಂದು ಸಾಲಿನ ಉದ್ದ ಫರ್ಲಾಂಗ್. ಆ ಪದದ ಮೂಲ ಅರ್ಥವೇ ಸಾಲಿನ ಉದ್ದ. ಫರ್ಲಾಂಗ್ ಎಂದರೆ 660 ಅಡಿ, ಪಟ್ಟಿಯ ಅಗಲ 66 ಅಡಿ. ಗುಣಿಸಿ ನೋಡಿ, 43,560 ಚದರ ಅಡಿ. ಆ 66 ಅಡಿಯನ್ನೇ ಹಿಡಿದು ಎಡ್ಮಂಡ್ ಗಂಟರ್ 1620ರಲ್ಲಿ ಅಳತೆಯ ಸರಪಳಿಗೆ ರೂಪ ಕೊಟ್ಟ. ನಿಮ್ಮ ಕೈಯಲ್ಲಿ ಸವೆದ 33 ಅಡಿಯ, ಹದಿನಾರು ಆಣೆಯ ಸರಪಳಿ ಅದರ ಸರಿಯಾದ ಅರ್ಧ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಿದ್ದರೆ ಒಂದು ಗುಂಟೆ, ಅಂಥ ನಲವತ್ತು ಸೇರಿದರೆ ಆ ಎಕರೆ. ಸಾಗರದ ಪಹಣಿಯಲ್ಲಿ ಇಂದಿಗೂ ನಿಂತಿರುವ ಅಂಕಿಯ ಹಿಂದೆ ಇಂಗ್ಲೆಂಡಿನ ಎತ್ತುಗಳ ಒಂದು ದಿನದ ದಣಿವಿದೆ. ನನಗೆ ಇದು ಇಂದಿಗೂ ಸೋಜಿಗದ ಸಂಗತಿ.

ನಿಜವಾದ ಪಟ್ಟಿಗಳು ಹೀಗೆ ಅಚ್ಚು ಹೊಡೆದಂತೆ ಇರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಮಧ್ಯಯುಗದ ನೇಗಿಲು ಭಾರವಾದದ್ದು, ಅದಕ್ಕೆ ಸಾಲಾಗಿ ಹಲವು ಎತ್ತುಗಳನ್ನು ಕಟ್ಟುತ್ತಿದ್ದರು. ಅಷ್ಟುದ್ದದ ಜೋಡಣೆಯನ್ನು ಹೊಲದ ಅಂಚಿನಲ್ಲಿ ಒಮ್ಮೆಗೇ ತಿರುಗಿಸಲಾಗುವುದಿಲ್ಲ. ಅಂಚು ಬರುವ ಮೊದಲೇ ಓರೆಯಾಗಿ ಎಳೆಯಬೇಕು. ನೂರಾರು ವರ್ಷ ಹಾಗೆ ಎಳೆದದ್ದರಿಂದ ಹಳೆಯ ಪಟ್ಟಿಗಳು ಹಾವು ಹರಿದಂತೆ ತುಸು ಬಾಗಿಕೊಂಡಿವೆ. ನೇಗಿಲು ಮಣ್ಣನ್ನು ಒಂದೇ ಬದಿಗೆ ಮಗುಚುತ್ತಿದ್ದುದರಿಂದ ಪಟ್ಟಿಯ ನಡು ಭಾಗ ಏರಿ, ಎರಡು ಪಟ್ಟಿಗಳ ನಡುವೆ ತಗ್ಗು ಬಿದ್ದಿತು. ಲ್ಯಾಕ್ಸ್ಟನ್ನಿನದು ಜಿಗುಟಾದ ಕೆಂಪು ಜೇಡಿ. ಮಳೆ ನೀರು ಬಸಿದುಹೋಗಲು ಆ ತಗ್ಗೇ ಕಾಲುವೆ. ಬೇಲಿ ಹಾಕಿ ಹುಲ್ಲುಗಾವಲು ಮಾಡಿದ ಜಾಗಗಳಲ್ಲಿ ಆ ಏರು ತಗ್ಗು ಇನ್ನೂ ಉಳಿದಿರುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿ ಅಂಥ ಹುಲ್ಲಿನ ಮೇಲೆ ಸಾಲು ಸಾಲು ನೆರಳು ಬಿದ್ದರೆ ಅಲ್ಲಿ ಹಿಂದೆ ಬೇಸಾಯವಿತ್ತು ಎಂದು ತಿಳಿಯಬಹುದು.

ಊರೊಳಗೆ ನಡೆದಾಗ ಇನ್ನೊಂದು ವಿಶೇಷ ಕಾಣುತ್ತದೆ. ಇಂಗ್ಲೆಂಡಿನ ಬಹುಪಾಲು ಕಡೆ ರೈತನ ಮನೆ ಅವನ ಜಮೀನಿನ ನಡುವೆ ಒಂಟಿಯಾಗಿ ನಿಂತಿರುತ್ತದೆ. ಲ್ಯಾಕ್ಸ್ಟನ್ನಿನಲ್ಲಿ ಕೊಟ್ಟಿಗೆ, ಕಣಜ, ಟ್ರ್ಯಾಕ್ಟರ್ ಶೆಡ್ ಸಮೇತ ಒಕ್ಕಲು ಮನೆಗಳು ಬೀದಿಯ ಮೇಲೆಯೇ ಇವೆ. ಕೆಂಪು ಇಟ್ಟಿಗೆಯ ಮನೆಗಳು, ಹಲವು ಮನೆಗಳ ಪಕ್ಕದ ಗೋಡೆ ಬೀದಿಗೆ ಮುಖ ಮಾಡಿದೆ. ಹಿತ್ತಿಲು ಉದ್ದಕ್ಕೆ ಹಿಂದಕ್ಕೆ ಚಾಚಿಕೊಂಡಿದೆ. ಜಮೀನು ಮೂರು ದಿಕ್ಕಿನಲ್ಲಿ ಚದುರಿದ್ದರೆ ಮನೆಯನ್ನು ಯಾವ ತುಂಡಿನಲ್ಲಿ ಕಟ್ಟುವುದು? ಎಲ್ಲರಿಗೂ ಸಮಾನ ದೂರವಾದದ್ದು ಊರೇ. ನಮ್ಮ ಬಯಲುಸೀಮೆಯ ಊರುಗಳೂ ಹೀಗೆಯೇ ಅಲ್ಲವೇ? ಅದಕ್ಕೇ ನನಗೆ ಅಲ್ಲಿ ಕಾಲಿಟ್ಟ ಕೂಡಲೇ ಪರಕೀಯ ಅನ್ನಿಸಲಿಲ್ಲ.

ಇನ್ನು ಕೋರ್ಟಿನ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಲ್ಯಾಕ್ಸ್ಟನ್ನಿನ ಜೀವ ಇರುವುದು ಇಲ್ಲಿ.

ನವೆಂಬರ್ ತಿಂಗಳ ಕೊನೆಯ ಗುರುವಾರ ಜ್ಯೂರಿಯ ದಿನ. ಆ ವೇಳೆಗೆ ಆ ವರ್ಷದ ಗೋಧಿ ಹೊಲದಲ್ಲಿ ಬಿತ್ತನೆ ಮುಗಿದು ಮೊಳಕೆ ಹಸಿರಾಗಿ ಕಾಣಿಸುತ್ತಿರುತ್ತದೆ. ಊರಿನ ಹನ್ನೆರಡು ಮಂದಿ ಜ್ಯೂರಿ, ಅವರಲ್ಲೊಬ್ಬ ಮುಖ್ಯಸ್ಥ. ನಾನು ಹೋದ ವರ್ಷ ಬೆಳಿಗ್ಗೆ ಮಂಜು ಕವಿದಿತ್ತು. ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನಲ್ಲಿ ಅವರು ಹತ್ತಿಕೊಂಡರು, ಕಾಲ ಬಳಿ ಹೊಸದಾಗಿ ಚೂಪು ಮಾಡಿದ ಮರದ ಗೂಟಗಳ ಕಟ್ಟು. ಹೊಲದ ಅಂಚಿನಲ್ಲಿ ಇಳಿದು ಒಂದೊಂದೇ ಪಟ್ಟಿಯ ತುದಿಗೆ ನಡೆದರು. ನನ್ನ ಬೂಟಿಗೆ ಆ ಕೆಂಪು ಜೇಡಿ ಅಂಟಿ ಹೆಜ್ಜೆ ಹೆಜ್ಜೆಗೂ ಭಾರವಾಗುತ್ತಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಪಟ್ಟಿಯ ತುದಿಯಲ್ಲಿ ಊರಿಗೆ ಸೇರಿದ ಹುಲ್ಲಿನ ನೆಲ ಅಥವಾ ಬಂಡಿದಾರಿ ಇರುತ್ತದೆ. ಉಳುವವನು ತಿರುಗಿಸುವಾಗ ಎರಡಡಿ ಮುಂದೆ ಹೋದರೆ ಎರಡಡಿ ಊರಿನ ನೆಲ ಅವನ ಹೊಲಕ್ಕೆ ಸೇರಿತು. ಬೇಕೆಂದೇ ಮಾಡಿರಬಹುದು, ಕೈ ತಪ್ಪಿ ಆಗಿರಬಹುದು. ಜ್ಯೂರಿಯವರು ಹಳೆಯ ಗೂಟದ ಗುರುತು ಹುಡುಕುತ್ತಾರೆ, ಕಾಣದಿದ್ದರೆ ಆಚೆ ಈಚೆಯ ಗುರುತುಗಳಿಗೆ ಕಣ್ಣಿನಿಂದಲೇ ಗೆರೆ ಹಿಡಿಯುತ್ತಾರೆ. ಒಬ್ಬ ಹಿರಿಯರು ಮೊಣಕಾಲೂರಿ ಕೂತು, ಒಂದು ಕಣ್ಣು ಮುಚ್ಚಿ, ದೂರದಲ್ಲಿ ಗೂಟ ಹಿಡಿದು ನಿಂತ ಹುಡುಗನಿಗೆ ಕೈಯಲ್ಲಿ ಎಡಕ್ಕೆ, ಇನ್ನೂ ಎಡಕ್ಕೆ ಎಂದು ಸನ್ನೆ ಮಾಡುತ್ತಿದ್ದರು. ಸರ್ವೆ ಕಂಬ ನೆಡಿಸುವಾಗ ನೀವು ಮಾಡಿದ ಸನ್ನೆಯೇ ಅದು. ಅವರು ಹೌದೆಂದ ಕಡೆ ಹುಡುಗ ಗೂಟವಿಟ್ಟು ಸುತ್ತಿಗೆಯಿಂದ ಹೊಡೆದ. ಒದ್ದೆ ಮಣ್ಣಿಗೆ ಗೂಟ ಇಳಿಯುವ ಆ ಮಂದ ಸದ್ದು ಬೆಳಗಿನ ಉದ್ದಕ್ಕೂ ಕೇಳುತ್ತಲೇ ಇತ್ತು.

ಎಲ್ಲಿ ಅತಿಕ್ರಮವಾಗಿದೆ, ಎಷ್ಟಾಗಿದೆ ಎಂದು ಅಲ್ಲಿಯೇ ಗುರುತು ಹಾಕಿಕೊಳ್ಳುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಅಲ್ಲಿನ ಮಾತಿನ ಹದ. ಜ್ಯೂರಿಯಲ್ಲಿದ್ದವರೂ ರೈತರೇ, ಅವರ ಪಟ್ಟಿಗಳೂ ಅದೇ ಹೊಲದಲ್ಲಿವೆ. ಮುಂದಿನ ಪಟ್ಟಿಯ ಒಡೆಯ ಪಕ್ಕದಲ್ಲಿಯೇ ನಿಂತಿರುತ್ತಾನೆ. ಹಾಗಿದ್ದರೂ ಯಾರ ದನಿಯೂ ಏರಲಿಲ್ಲ. ಬದುವಿನ ಜಗಳಗಳು ತಲೆಮಾರುಗಟ್ಟಲೆ ಸಿವಿಲ್ ಕೋರ್ಟಿನಲ್ಲಿ ಕೊಳೆಯುವುದನ್ನು ಕಂಡ ನನಗೆ, ಎಲ್ಲರೂ ಒಟ್ಟಿಗೆ ನಡೆದು, ನೋಡಿ, ಗೂಟ ಹೊಡೆದು ಮುಗಿಸಿದ ಆ ಬೆಳಗು ಮರೆಯಲಾಗದ್ದು. ಮಧ್ಯಾಹ್ನ ಎಲ್ಲರಿಗೂ ಊರಿನ ಡವ್‌ಕೋಟ್ ಎಂಬ ಪಬ್‌ನಲ್ಲಿ ಊಟ.

ಒಂದು ವಾರದ ನಂತರ ಅದೇ ಪಬ್‌ನಲ್ಲಿ ಕೋರ್ಟ್ ಸೇರುತ್ತದೆ. ಮೇನರಿನ, ಅಂದರೆ ಊರಿನ ಒಡೆತನದ, ಪರವಾಗಿ ಸ್ಟೀವರ್ಡ್ ಎಂಬ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ, ಅವರು ವಕೀಲರು. ಬೇಲಿಫ್ ಎಂಬ ಕೋರ್ಟಿನ ಸಿಬ್ಬಂದಿ ಕೋರ್ಟ್ ಕೂತಿತೆಂದು ಕೂಗುತ್ತಾರೆ. ಜ್ಯೂರಿ ತಾನು ಕಂಡದ್ದನ್ನು ಒಪ್ಪಿಸುತ್ತದೆ, ದಂಡ ನಿಗದಿಯಾಗುತ್ತದೆ. ಮುಂದಿನ ವರ್ಷದ ಗೋಧಿ ಹೊಲಕ್ಕೆ ಹೊಸ ಜ್ಯೂರಿ ಬೈಬಲ್ ಮುಟ್ಟಿ ಪ್ರಮಾಣ ಮಾಡುತ್ತದೆ. ಬಿಡಾಡಿ ದನಗಳನ್ನು ಹಿಡಿದು ದೊಡ್ಡಿಗೆ ಅಟ್ಟುವ ಪಿಂಡರ್ ಎಂಬ ಹುದ್ದೆಗೂ ನೇಮಕವಾಗುತ್ತದೆ. ಆ ದೊಡ್ಡಿ ಈಗಲೂ ಊರಿನಲ್ಲಿದೆ. ಮೈಸೂರು ಸೀಮೆಯಲ್ಲಿ ಬಂದೀದೊಡ್ಡಿ ಎನ್ನುತ್ತಿದ್ದರಲ್ಲ, ಅಂಥದೇ.

ಊರಿನ ನೆಲ ಎಂದೆನಲ್ಲ, ಅದರಲ್ಲಿ ಮುಖ್ಯವಾದವು ಸೈಕ್ ಎಂದು ಕರೆಯುವ ಹುಲ್ಲಿನ ಪಟ್ಟಿಗಳು. ಹೊಲಗಳ ನಡುವೆ ನೀರು ಹರಿಯುವ ತಗ್ಗು, ಉಳಲಾಗದ ಇಳಿಜಾರು, ಇವನ್ನು ಯಾರೂ ಎಂದೂ ಉತ್ತಿಲ್ಲ. ನಿಮ್ಮ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ‘ಬ’ ಖರಾಬು, ಅಂದರೆ ಬೇಸಾಯಕ್ಕೆ ಬಾರದ ಸಾರ್ವಜನಿಕ ನೆಲ. ಪ್ರತಿ ಬೇಸಿಗೆಯಲ್ಲಿ ಅಲ್ಲಿನ ಹುಲ್ಲನ್ನು ಹರಾಜು ಹಾಕುತ್ತಾರೆ. ಕೂಗಿಕೊಂಡವರು ಕೊಯ್ದು ಒಣಗಿಸಿ ಒಯ್ಯುತ್ತಾರೆ, ಹಣ ಹಕ್ಕುಳ್ಳವರಿಗೆ ಸೇರುತ್ತದೆ. ನೇಗಿಲು ತಾಗದ, ಗೊಬ್ಬರ ಸುರಿಯದ ನೆಲವಾದ್ದರಿಂದ ಬೇರೆಡೆ ಅಳಿದುಹೋದ ಹುಲ್ಲು ಹೂಗಳ ತಳಿಗಳು ಅಲ್ಲಿ ಉಳಿದಿವೆ. ಸೈಕ್‌ಗಳಿಗೆ ಸರ್ಕಾರದ ವಿಶೇಷ ರಕ್ಷಣೆ ಇದೆ. ನೀವು ಹೋಗುವ ಜೂನ್ ಅವುಗಳ ಕಾಲ. ಖರಾಬು ಎಂದು ಬರೆದು ಕೈತೊಳೆದುಕೊಂಡ ಜಾಗ ಊರಿನ ಅತ್ಯಂತ ಬೆಲೆಬಾಳುವ ನೆಲವಾಗಿರುವುದನ್ನು ಕಣ್ಣಾರೆ ನೋಡಿ ಬನ್ನಿ.

ಊರಿನ ಹಳೆಯ ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದು, ಇಪ್ಪತ್ತು ವರ್ಷಗಳ ನಂತರ ಊರೂರಿನ ಆಸ್ತಿ ಲೆಕ್ಕ ಬರೆಸಿದರು. 1086ರ ಆ ಡೂಮ್ಸ್‌ಡೇ ದಫ್ತರದಲ್ಲಿ ಲ್ಯಾಕ್ಸ್ಟನ್ ಇದೆ. ಟೋಕಿ ಎಂಬವನ ಕೈಯಲ್ಲಿದ್ದ ಊರು ಜೆಫ್ರಿ ಆಲ್ಸೆಲಿನ್ ಎಂಬ ನಾರ್ಮನ್ ಒಡೆಯನಿಗೆ ಹೋಗಿತ್ತು. ಊರಿನ ಉತ್ತರದ ಅಂಚಿನಲ್ಲಿ ನಾರ್ಮನ್ನರ ಮಣ್ಣಿನ ಕೋಟೆ ಇದೆ. ಎತ್ತರದ ದಿಬ್ಬ, ಸುತ್ತ ಕಂದಕ, ಅಂಗಳಗಳು. ಕಲ್ಲುಗಳೆಲ್ಲ ಎಂದೋ ಹೋದವು, ಈಗ ಎಲ್ಲವೂ ಹುಲ್ಲು. ಶರ್ವುಡ್ ಕಾಡಿನ ಮೇಲ್ವಿಚಾರಣೆ ಹಿಡಿದಿದ್ದ ಮನೆತನಗಳು ಇಲ್ಲಿದ್ದವು, ಮೊದಲು ಡಿ ಕಾಕ್ಸ್ ಮನೆತನ, ನಂತರ ಎವರಿಂಗ್‌ಹ್ಯಾಮ್ ಮನೆತನ. ಎವರಿಂಗ್‌ಹ್ಯಾಮ್ ಒಡೆಯರ ಮಲಗಿದ ಪ್ರತಿಮೆಗಳು ಊರಿನ ಸಂತ ಮೈಕೇಲರ ಚರ್ಚಿನಲ್ಲಿವೆ. ಅವುಗಳಲ್ಲಿ ಒಂದು ಹೆಂಗಸಿನ ಪ್ರತಿಮೆ ಕಲ್ಲಿನದಲ್ಲ, ಓಕ್ ಮರದ್ದು. ನಾಟಿಂಗ್‌ಹ್ಯಾಮ್‌ಶೈರಿನಲ್ಲಿ ಮಧ್ಯಯುಗದ ಮರದ ಪ್ರತಿಮೆ ಉಳಿದಿರುವುದು ಅದೊಂದೇ. ಚರ್ಚಿಗೆ ಹೋದರೆ ಅದರ ಮುಂದೆ ಎರಡು ನಿಮಿಷ ನಿಲ್ಲಿ.

ನಿಮಗೆ ಹೆಚ್ಚು ಬೇಕಾದದ್ದು 1635ರ ನಕ್ಷೆ. ಅದರ ಹಿಂದಿನ ಕಥೆ ನೇರವಾಗಿ ನಿಮ್ಮ ಊರಿನ ಪಕ್ಕಕ್ಕೇ ಬರುತ್ತದೆ.

1620ರ ದಶಕದಲ್ಲಿ ಲ್ಯಾಕ್ಸ್ಟನ್ನಿನ ಒಡೆತನ ಸರ್ ವಿಲಿಯಂ ಕೋರ್ಟೀನ್ ಎಂಬ ಲಂಡನ್ನಿನ ದೊಡ್ಡ ವ್ಯಾಪಾರಿಗೆ ಬಂತು. ಅವನ ತಂದೆ ತಾಯಿ ಧರ್ಮದ ಕಿರುಕುಳಕ್ಕೆ ಫ್ಲಾಂಡರ್ಸ್ ಬಿಟ್ಟು ಓಡಿಬಂದವರು. ಬಟ್ಟೆಯ ವ್ಯಾಪಾರದಿಂದ ಮೇಲೆ ಬಂದ ಕೋರ್ಟೀನ್ ಹಡಗು, ಸಾಲ, ಜಮೀನು ಎಲ್ಲದರಲ್ಲಿಯೂ ಹಣ ಹೂಡಿದ. 1627ರಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಇಂಗ್ಲಿಷರ ನೆಲೆ ಹೂಡಿಸಿದ್ದು ಅವನ ಹಣವೇ. ಹೀಗೆ ದೂರದಿಂದ ಕೊಂಡ ಊರಿನಲ್ಲಿ ತನಗೆ ಬಂದದ್ದೇನು ಎಂದು ತಿಳಿಯಲು ಮಾರ್ಕ್ ಪಿಯರ್ಸ್ ಎಂಬ ಭೂಮಾಪಕನನ್ನು ಕಳುಹಿಸಿದ. ಪಿಯರ್ಸ್ ಪ್ರತಿಯೊಂದು ಪಟ್ಟಿಯನ್ನೂ ಅಳೆದು, ಯಾರದು, ಎಷ್ಟು, ಎಲ್ಲಿ ಎಂದು ಪುಸ್ತಕ ಬರೆದ, ಅದಕ್ಕೆ ತಕ್ಕ ನಕ್ಷೆಯನ್ನು ಚರ್ಮದ ಹಾಳೆಗಳ ಮೇಲೆ ಬಿಡಿಸಿದ. ಎರಡು ಸಾವಿರಕ್ಕೂ ಹೆಚ್ಚು ಪಟ್ಟಿಗಳು, ಒಂದೊಂದೂ ಎಳೆ ಎಳೆಯಾಗಿ. ಆಕಾರಬಂದು (ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ (ಅಳತೆಯ ಬರಹ), ಗ್ರಾಮನಕ್ಷೆ ಮೂರನ್ನೂ ಒಬ್ಬನೇ ಮಾಡಿದ ಎಂದುಕೊಳ್ಳಿ. ಇಷ್ಟೇ ಆಗಿದ್ದರೆ ಅದು ದಾಖಲೆ ಮಾತ್ರ. ಪಿಯರ್ಸ್ ಅದರಲ್ಲಿ ಜನರನ್ನೂ ಬಿಡಿಸಿದ್ದಾನೆ. ಒಂದು ಕಡೆ ನೇಗಿಲು ಹೂಡಿದ್ದಾರೆ, ಇನ್ನೊಂದು ಕಡೆ ಕೊಯ್ಯುತ್ತಿದ್ದಾರೆ, ದನಗಳು ಮೇಯುತ್ತಿವೆ, ಬೇಟೆನಾಯಿಗಳು ಓಡುತ್ತಿವೆ. ಬೆರಳ ಉಗುರಿನಷ್ಟು ಚಿತ್ರಗಳು. ಅಳತೆ ಮುಗಿಸಿ ಸರಪಳಿ ಸುತ್ತಿಟ್ಟ ಮೇಲೂ ಊರು ಬಿಟ್ಟು ಹೋಗಲು ಮನಸ್ಸಾಗದ ಭೂಮಾಪಕ ಅವನು ಎಂದು ನನಗೆ ಅನ್ನಿಸುತ್ತದೆ. ಆ ನಕ್ಷೆ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ.

ಪಿಯರ್ಸ್ ಲ್ಯಾಕ್ಸ್ಟನ್ನಿನ ಪಟ್ಟಿಗಳನ್ನು ಗುರುತಿಸಿದ ಅದೇ 1635ರ ಕೊನೆಯಲ್ಲಿ ಕೋರ್ಟೀನ್ ಮತ್ತು ಅವನ ಜೊತೆಗಾರರು ದೊರೆ ಒಂದನೆಯ ಚಾರ್ಲ್ಸನಿಂದ ಭಾರತದ ಕಡೆ ವ್ಯಾಪಾರ ಮಾಡಲು ಪರವಾನಗಿ ಪಡೆದರು. ಈಸ್ಟ್ ಇಂಡಿಯಾ ಕಂಪನಿಗೆ ಇದು ಹೊಟ್ಟೆಗೆ ಹೊಡೆತ, ಈ ವ್ಯಾಪಾರ ತನ್ನೊಬ್ಬಳದೇ ಎಂದು ಅದು ತಿಳಿದಿತ್ತು. 1636ರಲ್ಲಿ ಜಾನ್ ವೆಡೆಲ್‌ನ ನಾಯಕತ್ವದಲ್ಲಿ ಹಡಗುಗಳು ಹೊರಟವು. ಅದೇ ವರ್ಷ ಕೋರ್ಟೀನ್ ತೀರಿಕೊಂಡ, ಹಡಗುಗಳು ಬಂದ ದಡವನ್ನು ಅವನು ಕಾಣಲಿಲ್ಲ. ಗೋವೆ ಮುಟ್ಟಿ, 1637ರ ಆರಂಭದಲ್ಲಿ ಅವು ಬಂದದ್ದು ಭಟ್ಕಳಕ್ಕೆ. ಬೇಕಾಗಿದ್ದದ್ದು ಕಾಳುಮೆಣಸು. ಮೆಣಸಿನ ಸೀಮೆಯ ಒಡೆಯ ಕೆಳದಿಯ ವೀರಭದ್ರ ನಾಯಕ, ಅವನ ರಾಜಧಾನಿ ಇಕ್ಕೇರಿ. ಅಪ್ಪಣೆ ಪಡೆಯಲು ಇಂಗ್ಲಿಷರ ತಂಡ ಘಟ್ಟ ಹತ್ತಿ ಇಕ್ಕೇರಿಗೆ ಬಂತು. ಅದರಲ್ಲಿದ್ದ ಪೀಟರ್ ಮಂಡಿ ಎಂಬ ಪ್ರವಾಸಿ ಕಂಡದ್ದನ್ನು ಬರೆದಿಟ್ಟಿದ್ದಾನೆ. ಮುಂದೆ ಇದೇ ಕೋರ್ಟೀನ್ ಸಂಘದವರು 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆದರು.

ನಿಮ್ಮ ಮನೆಯಿಂದ ಆರೇಳು ಕಿಲೋಮೀಟರ್ ದೂರದ ಇಕ್ಕೇರಿ ಅಘೋರೇಶ್ವರನ ಗುಡಿಯ ಊರಿಗೂ, ಮಗಳ ಮನೆಯಿಂದ ಮುಕ್ಕಾಲು ಗಂಟೆ ದೂರದ ಲ್ಯಾಕ್ಸ್ಟನ್ನಿಗೂ ಒಬ್ಬನೇ ಮನುಷ್ಯನ ಹಣ ತಲುಪಿತ್ತು. ನಕ್ಷೆ ಬರೆಸಿದವನೂ ಅವನೇ, ಮೆಣಸಿಗೆ ಹಡಗು ಹೊರಡಿಸಿದವನೂ ಅವನೇ. ನಿಮ್ಮ ಪತ್ರದಲ್ಲಿ ಸಾಗರ ಎಂಬ ಹೆಸರು ಕಂಡಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ.

ಕೋರ್ಟೀನನ ಮಗನಿಗೆ ಈ ವ್ಯಾಪಾರ ಕೈಹಿಡಿಯಲಿಲ್ಲ, ಸಾಲ ಏರಿತು. 1640ರ ಸುಮಾರಿಗೆ ಲ್ಯಾಕ್ಸ್ಟನ್ ಹತ್ತಿರದ ಪಿಯರ್‌ಪಾಂಟ್ ಮನೆತನದ ಕೈಸೇರಿತು. ಮುಂದೆ ಅವರಿಗೆ ಮ್ಯಾನ್ವರ್ಸ್ ಅರ್ಲ್ ಎಂಬ ಬಿರುದು ಬಂತು.

ನಿಮ್ಮ ಮುಖ್ಯ ಪ್ರಶ್ನೆ, ಇದೊಂದೇ ಊರು ಹೇಗೆ ಉಳಿಯಿತು ಎಂಬುದು. ಮಧ್ಯ ಇಂಗ್ಲೆಂಡಿನ ಬಯಲಿನಲ್ಲಿ ಒಂದು ಕಾಲಕ್ಕೆ ಊರೂರಿನಲ್ಲಿ ಇಂಥ ಹೊಲಗಳಿದ್ದವು. 1604ರಿಂದ 1914ರವರೆಗೆ ಸಂಸತ್ತು ಎನ್‌ಕ್ಲೋಷರ್ ಎಂಬ ಹೆಸರಿನ 5,200ಕ್ಕೂ ಹೆಚ್ಚು ಕಾಯ್ದೆಗಳನ್ನು ಮಾಡಿ, ಸುಮಾರು 68 ಲಕ್ಷ ಎಕರೆ ಬಯಲು ಹೊಲಗಳನ್ನೂ ಊರೊಟ್ಟಿನ ನೆಲವನ್ನೂ ಬೇಲಿ ಹಾಕಿ ಹಂಚಿಸಿತು. ಒಂದೊಂದು ಊರಿಗೂ ಅಳತೆಗಾರರು ಬಂದರು, ಚದುರಿದ ಪಟ್ಟಿಗಳನ್ನು ಒಟ್ಟುಗೂಡಿಸಿದರು, ಮುಳ್ಳುಬೇಲಿ ಎದ್ದಿತು. ಬೇಸಾಯದ ಇಳುವರಿಗೆ ಇದರಿಂದ ಅನುಕೂಲವಾಯಿತು ಎನ್ನುವವರಿದ್ದಾರೆ, ಅದರಲ್ಲಿ ಸತ್ಯವೂ ಇದೆ. ಆದರೆ ಒಂದು ಹಸು, ನಾಲ್ಕು ಕುರಿ ಇಟ್ಟುಕೊಂಡು ಊರೊಟ್ಟಿನ ಹುಲ್ಲನ್ನು ನಂಬಿದ್ದ ಬಡವನ ಪಾಲಿಗೆ ಬೇಲಿಯೇ ಎದ್ದು ಹೊಲ ಮೇಯ್ದಿತು. ಆ ಜನ ಕೂಲಿಗೆ ಇಳಿದರು, ಅನೇಕರು ಗಿರಣಿ ಪಟ್ಟಣಗಳ ದಾರಿ ಹಿಡಿದರು. ಇಂಗ್ಲೆಂಡಿನ ಹಳ್ಳಿ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವ ಹಸಿರು ಬೇಲಿಯ ಚೌಕ ಚೌಕದ ಚಿತ್ರ ಬಹುಮಟ್ಟಿಗೆ ಈ ಕಾಯ್ದೆಗಳು ಬರೆದದ್ದು. ನಾನು ಆ ಬೇಲಿಗಳ ಚೆಲುವನ್ನು ನೋಡುವಾಗ ಇದನ್ನು ಮರೆಯಲಾರೆ.

ಲ್ಯಾಕ್ಸ್ಟನ್ನಿನ ಒಡೆಯರಿಗೂ ಬೇಲಿ ಬೇಡವಾಗಿರಲಿಲ್ಲ. ಊರಿನ ಕೆಲವು ಭಾಗಗಳು ಹಂತ ಹಂತವಾಗಿ ಬೇಲಿಯೊಳಕ್ಕೆ ಹೋದವು. ಪೂರ್ತಿ ಹೋಗದಿರಲು ಒಂದು ಕಾರಣ ಇಬ್ಬರು ದೊಡ್ಡ ಜಮೀನುದಾರರು, ಮ್ಯಾನ್ವರ್ಸ್ ಅರ್ಲ್ ಮತ್ತು ಸ್ಕಾರ್ಬರೋ ಅರ್ಲ್. ಇಬ್ಬರ ಪಟ್ಟಿಗಳೂ ಬೆರೆತುಕೊಂಡಿದ್ದವು. ಒಟ್ಟುಗೂಡಿಸಬೇಕಾದರೆ ಅದಲು ಬದಲು ಆಗಬೇಕು, ಅದಕ್ಕೆ ಇಬ್ಬರೂ ಒಪ್ಪಬೇಕು. ಒಪ್ಪಂದ ಕುದುರಲಿಲ್ಲ. ಸ್ವಂತ ಜಮೀನಿನ ಸಣ್ಣ ಹಿಡುವಳಿದಾರರೂ ಊರಿನಲ್ಲಿ ಅನೇಕರಿದ್ದರು, ಅವರನ್ನೂ ಕೇಳಬೇಕಿತ್ತು. ಜಿಗುಟು ಜೇಡಿಯ ನೆಲಕ್ಕೆ ಅಷ್ಟು ಖರ್ಚು ಮಾಡುವ ಆತುರವೂ ಯಾರಿಗಿರಲಿಲ್ಲ. ಇಬ್ಬರು ಒಡೆಯರ ಹಗ್ಗಜಗ್ಗಾಟದಲ್ಲಿ ಊರು ಉಳಿಯಿತು. ಊರಿನವರಿಗೆ ಮುಂಗಾಣ್ಕೆಯಿತ್ತು, ಪರಂಪರೆಯ ಪ್ರೀತಿಯಿತ್ತು ಎಂದು ಬರೆಯುವವರನ್ನು ನೋಡಿದ್ದೇನೆ. ಪ್ರೀತಿ ನಂತರ ಬಂದದ್ದು. ಮೊದಲು ಇದ್ದದ್ದು ಪ್ರತಿ ವರ್ಷ ಕೋರ್ಟ್ ಸೇರಿಸುವ ಶಿಸ್ತು.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮ್ಯಾನ್ವರ್ಸ್ ಆಡಳಿತ ಪಟ್ಟಿಗಳನ್ನು ಪುನರ್‌ವಿಂಗಡಿಸಿ ದೊಡ್ಡದಾಗಿಸಿತು. ಆದ್ದರಿಂದ ನೀವು ನೋಡುವ ಪಟ್ಟಿಗಳು ಪಿಯರ್ಸ್ ಅಳೆದ ಪಟ್ಟಿಗಳಲ್ಲ, ಅವುಗಳಿಗಿಂತ ಬಹಳ ಅಗಲ. ಯಂತ್ರದ ಕಾಲದಲ್ಲಿ ಅಷ್ಟಾದರೂ ಅಗಲವಿಲ್ಲದಿದ್ದರೆ ವ್ಯವಸ್ಥೆಯೇ ಮುರಿದುಬೀಳುತ್ತಿತ್ತು. 1930ರ ದಶಕದಲ್ಲಿ ಆಕ್ಸ್‌ಫರ್ಡಿನ ಓರ್ವಿನ್ ದಂಪತಿ ಈ ಊರನ್ನು ಆಳವಾಗಿ ಅಭ್ಯಾಸ ಮಾಡಿ 1938ರಲ್ಲಿ ಪ್ರಕಟಿಸಿದ ಮೇಲೆ ದೇಶದ ಕಣ್ಣು ಇತ್ತ ತಿರುಗಿತು. 1952ರಲ್ಲಿ ಅರ್ಲ್ ಇದನ್ನು ಕೃಷಿ ಸಚಿವಾಲಯಕ್ಕೆ ಮಾರಿದ, 1981ರಲ್ಲಿ ಅದು ಅರಸೊತ್ತಿಗೆಯ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು, 2020ರಲ್ಲಿ ಥಾರ್ಸ್‌ಬಿ ಎಸ್ಟೇಟ್ ಕೊಂಡಿತು. ಥಾರ್ಸ್‌ಬಿ ಎಂದರೆ ಅದೇ ಪಿಯರ್‌ಪಾಂಟ್ ಮನೆತನದ ಎಸ್ಟೇಟು. ಹೊರಟಲ್ಲಿಗೇ ಬಂದು ನಿಂತಿತು.

ಡೆವನಿನ ಬ್ರಾಂಟನ್, ಲಿಂಕನ್‌ಶೈರಿನ ಆಕ್ಸ್‌ಹೋಮ್ ಕಡೆ ಇಂದಿಗೂ ಪಟ್ಟಿ ಹೊಲಗಳ ತುಣುಕುಗಳಿವೆ. ಹೊಲ, ಸರದಿ, ಕೋರ್ಟ್ ಮೂರೂ ಒಟ್ಟಿಗೆ ನಡೆಯುತ್ತಿರುವುದು ಲ್ಯಾಕ್ಸ್ಟನ್ನಿನಲ್ಲಿ. ಅಲ್ಲಿಯೂ ಒಕ್ಕಲು ಮಾಡುವವರ ಸಂಖ್ಯೆ ಇಳಿಯುತ್ತಿದೆ. ಮಕ್ಕಳು ಬೇರೆ ಕೆಲಸಕ್ಕೆ ಹೋಗುತ್ತಾರೆ, ಹಂಚಿಹೋದ ಪಟ್ಟಿಗಳಿಗೆ ದೊಡ್ಡ ಯಂತ್ರ ಒಯ್ಯುವುದು ನಷ್ಟದ ಬಾಬತ್ತು. ಹನ್ನೆರಡು ಮಂದಿ ರೈತರಿಲ್ಲದಿದ್ದರೆ ರೈತರ ಜ್ಯೂರಿ ಎಲ್ಲಿಂದ ಬಂದೀತು ಎಂಬ ಚಿಂತೆ ನನಗೆ ಪ್ರತಿ ಸಲ ಹೋದಾಗಲೂ ಹೆಚ್ಚುತ್ತದೆ.

ಹೋಗುವ ದಿನದ ಮಾತು. ಡವ್‌ಕೋಟ್ ಪಬ್‌ನ ಪಕ್ಕದಲ್ಲಿ ಸಂದರ್ಶಕರ ಕೇಂದ್ರವಿದೆ, ಅಲ್ಲಿಂದ ಶುರುಮಾಡಿ. ಹೋಗುವ ಮೊದಲು ಪಿಯರ್ಸ್‌ನ ನಕ್ಷೆಯ ಚಿತ್ರಗಳನ್ನು ಅಂತರ್ಜಾಲದಲ್ಲಿ ನೋಡಿಕೊಳ್ಳಿ, ಸಾಧ್ಯವಾದರೆ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಮೊದಲು ಬೀದಿಯಲ್ಲಿ ನಡೆದು ಮನೆಗಳನ್ನು ನೋಡಿ, ಚರ್ಚು ಮುಗಿಸಿ, ಕೋಟೆಯ ದಿಬ್ಬ ಹತ್ತಿ. ನಂತರ ಹೊಲದ ದಾರಿ ಹಿಡಿಯಿರಿ. ದಾರಿಗಳು ಸಾರ್ವಜನಿಕರಿಗೆ ತೆರೆದಿವೆ, ಆದರೆ ಬೆಳೆಯೊಳಗೆ ಕಾಲಿಡಬೇಡಿ, ಸೈಕ್‌ನ ಹುಲ್ಲನ್ನು ತುಳಿಯಬೇಡಿ, ಅದು ಹರಾಜಿಗೆ ಬೆಳೆದ ಹುಲ್ಲು. ಮಳೆ ಬಂದಿದ್ದರೆ ಗಟ್ಟಿ ಬೂಟು ಬೇಕೇ ಬೇಕು. ನಿಮ್ಮ ಪತ್ನಿಯವರಿಗೆ ನಡಿಗೆ ಕಷ್ಟವಾದರೆ ಚರ್ಚು ಮತ್ತು ಬೀದಿ ಸಾಕು, ಹೊಲದ ಅಂಚಿನವರೆಗೆ ಕಾರು ಹೋಗುತ್ತದೆ.

ಯಾವುದಾದರೂ ಪಟ್ಟಿಯ ತುದಿಯಲ್ಲಿ, ಬೆಳೆ ಮುಗಿದು ಹುಲ್ಲು ಶುರುವಾಗುವ ಗೆರೆಯಲ್ಲಿ ಬಗ್ಗಿ ನೋಡಿ. ಹುಲ್ಲಿನ ನಡುವೆ ಮಳೆ ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದ ಒಂದು ಗೂಟದ ತಲೆ ಕಂಡರೂ ಕಾಣಬಹುದು. ನವೆಂಬರಿನಲ್ಲಿ ಜ್ಯೂರಿ ಹೊಡೆದದ್ದು ಅದು. ಬಾಂದುಕಲ್ಲು ಹುಡುಕಿ ಹುಡುಕಿ ಪಳಗಿದ ನಿಮ್ಮ ಕಣ್ಣಿಗೆ ಅದು ನನಗಿಂತ ಬೇಗ ಸಿಗುತ್ತದೆ. ಸಿಕ್ಕರೆ ನನಗೊಂದು ಪತ್ರ ಬರೆಯಿರಿ, ಯಾವ ಹೊಲದಲ್ಲಿ ಎಂಬುದನ್ನೂ ಸೇರಿಸಿ.